ಬಿ.ಎಸ್ಸಿಯಲ್ಲಿ ಫಿಜಿಕ್ಸ್: ಸೇರುವ ಮುನ್ನ, ಸೇರಿದ ಮೇಲೆ

ಸೆಕೆಂಡ್ ಪಿಯು ಫಲಿತಾಂಶ ಬಂದ ವಾರ ನಮ್ಮ ಕಡೆ ಮನೆಮನೆಯಲ್ಲೂ ಒಂದೇ ಮಾತು: 'ಎಂಜಿನಿಯರಿಂಗ್ ಸೀಟು ಸಿಗದಿದ್ದರೆ ಬಿ.ಎಸ್ಸಿ ಇದ್ದೇ ಇದೆಯಲ್ಲ.' ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಫಿಜಿಕ್ಸೇ ಬೇಕೆಂದು ಸೇರುವ ಮಕ್ಕಳೂ ಇದ್ದಾರೆ. ಇದು ಅವರಿಗಾಗಿ.

ಮೊದಲು ಕಾಂಬಿನೇಷನ್. ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಿರಲಿ, ನಿಮ್ಮ ತಾಲ್ಲೂಕಿನ ಸರ್ಕಾರಿ ಕಾಲೇಜಿರಲಿ, ಫಿಜಿಕ್ಸ್ ಜೊತೆ ಗಣಿತ ಬಿಡಬೇಡಿ. ಗಣಿತವಿಲ್ಲದೆ ಮುಂದೆ ಕ್ವಾಂಟಮ್ ಮೆಕ್ಯಾನಿಕ್ಸ್ ಪಾಠ ತಲೆಗೆ ಹತ್ತುವುದಿಲ್ಲ. ಕಾಲೇಜು ನೋಡಲು ಹೋದಾಗ ಲ್ಯಾಬನ್ನೂ ತೋರಿಸಲು ಕೇಳಿ.

ಸೇರಿದ ಮೇಲೆ ದಿನಕ್ಕೆರಡು ಲೆಕ್ಕವನ್ನಾದರೂ ಸ್ವತಃ ಬಿಡಿಸಿ. ಗೈಡ್ ನೋಡಿ ಬರೆದದ್ದು ಲೆಕ್ಕಕ್ಕಿಲ್ಲ. ಪುಸ್ತಕದಲ್ಲಿಲ್ಲದ ಪ್ರಶ್ನೆಗಳನ್ನೂ ಹಾಕಿಕೊಳ್ಳಿ. ಜೋಗದಲ್ಲಿ ನೀರು 253 ಮೀಟರ್ ಬೀಳುತ್ತದೆ. ಒಂದು ಕಿಲೋ ನೀರಿಗೆ ಸುಮಾರು 2,480 ಜೂಲ್ ಶಕ್ತಿ. ಅದಷ್ಟೂ ಶಾಖವಾದರೆ ಕೆಳಗಿನ ನೀರು ಎಷ್ಟು ಬಿಸಿಯಾಗಬೇಕು? ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4,186 ಜೂಲ್ ಬೇಕು; ಅದರಿಂದ ಭಾಗಿಸಿದರೆ ಸುಮಾರು 0.6 ಡಿಗ್ರಿ. ಆದರೆ ಬೀಳುವಾಗ ಹನಿಯಾಗಿ ಆವಿಯಾದ ನೀರು ಶಾಖವನ್ನು ಕೊಂಡೊಯ್ಯುತ್ತದೆ, ಗಾಳಿಯ ಪಾಲೂ ಇದೆ. ಹಾಗಾದರೆ ಅಳೆದರೆ ಎಷ್ಟು ಬರಬಹುದು? ಇಂಥ ಪ್ರಶ್ನೆಯ ಹಿಂದೆ ಒಂದು ಸಂಜೆ ಕಳೆದವರಿಗೆ ಥರ್ಮೋಡೈನಮಿಕ್ಸ್ ಬಾಯಿಪಾಠ ಮಾಡಬೇಕಾಗುವುದಿಲ್ಲ.

ಲ್ಯಾಬಿನಲ್ಲೂ ಹಾಗೆಯೇ. ಲೋಲಕದಿಂದ ಗುರುತ್ವ ವೇಗೋತ್ಕರ್ಷದ, ಅಂದರೆ 'ಜಿ'ಯ, ಬೆಲೆ 9.4 ಬಂದರೆ ರೆಕಾರ್ಡ್ ಬುಕ್‌ನಲ್ಲಿ 9.8 ಎಂದು ತಿದ್ದಬೇಡಿ. ತಪ್ಪು ದಾರದ ಉದ್ದದಲ್ಲೋ, ಸ್ಟಾಪ್‌ವಾಚ್ ಒತ್ತಿದ ಬೆರಳಿನಲ್ಲೋ ಹುಡುಕಿ. ಹಾಗೆ ಹುಡುಕುವುದೇ ಪ್ರಯೋಗ.

ಎರಡನೇ ವರ್ಷದಿಂದಲೇ ಎಂ.ಎಸ್ಸಿ ಪ್ರವೇಶಕ್ಕಿರುವ ಜ್ಯಾಮ್ (JAM) ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಿಡಿಯಿರಿ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಐಐಟಿಗಳ ಎಂ.ಎಸ್ಸಿಗೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿಗೂ ಇದು ದಾರಿ. ಮನೆಗೆ ಹತ್ತಿರವಿರಬೇಕೆಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೂ ಎಂ.ಎಸ್ಸಿ ಇದೆ.

ಆಮೇಲಿನ ದಾರಿಗಳು ಹಲವು. ಬಿ.ಇಡಿ ಮಾಡಿ ಹೈಸ್ಕೂಲು ಮೇಷ್ಟರಾಗಬಹುದು. ಎಂ.ಎಸ್ಸಿ ಜೊತೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ (NET) ಅಥವಾ ಕೆ-ಸೆಟ್ ಪಾಸಾಗಿದ್ದರೆ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಬಹುದು. ಭಾಭಾ ಪರಮಾಣು ಸಂಶೋಧನಾ ಕೇಂದ್ರ ಎಂ.ಎಸ್ಸಿ ಮಾಡಿದವರನ್ನು ಆರಿಸಿ ತಾನೇ ತರಬೇತಿ ಕೊಡುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಕೆಲಸ ಮೆಡಿಕಲ್ ಫಿಸಿಸಿಸ್ಟ್: ಕ್ಯಾನ್ಸರ್ ರೋಗಿಗೆ ಎಷ್ಟು ವಿಕಿರಣ, ಯಾವ ಕೋನದಿಂದ ಎಂದು ಲೆಕ್ಕ ಹಾಕುವವರು ಇವರೇ. ಎಂ.ಎಸ್ಸಿ ನಂತರ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಿದವರಿಗೆ ಈ ಕೆಲಸ ಸಿಗುತ್ತದೆ.

ಜ್ಯಾಮ್ ಪರೀಕ್ಷೆ ಸಾಮಾನ್ಯವಾಗಿ ಫೆಬ್ರುವರಿಯಲ್ಲಿ. ಅರ್ಜಿ ಮಾತ್ರ ಸೆಪ್ಟೆಂಬರಿನಲ್ಲೇ ಶುರುವಾಗುತ್ತದೆ, ಕೊನೆಯ ವರ್ಷದಲ್ಲಿರುವವರೂ ಹಾಕಬಹುದು. ಮಳೆಗಾಲದಲ್ಲಿ ಊರಿನ ನೆಟ್‌ವರ್ಕ್ ನಂಬಿ ಕೊನೆಯ ದಿನದವರೆಗೆ ಕೂರಬೇಡಿ.