ಹೈಡ್ರಾ ಕರೆಸುವ ಮುಂಚೆ: ಹಳೆ ಸಿಎನ್‌ಸಿ ಮಿಲ್ಲಿಂಗ್ ಮಿಷನ್ ಸಾಗಿಸಲು ತಯಾರಿ ಹೇಗೆ?

ಪೀಣ್ಯದಲ್ಲಿ ಶೆಡ್ ಖಾಲಿ ಮಾಡುತ್ತಿರುವವರ ಹತ್ತಿರ ಒಂದು ಹಳೆ ವಿಎಂಸಿ (ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಸಿಎನ್‌ಸಿ ಮಿಲ್ಲಿಂಗ್ ಮಿಷನ್) ಕೊಂಡಿದ್ದೀರಿ, ಅದನ್ನು ಬೊಮ್ಮಸಂದ್ರಕ್ಕೆ ತರಬೇಕು ಅಂದುಕೊಳ್ಳಿ. ದುಡ್ಡು ಕೊಟ್ಟ ಕೂಡಲೇ ನಾವೆಲ್ಲ ಹೈಡ್ರಾ ಕ್ರೇನ್‌ನವರಿಗೆ ಫೋನ್ ಮಾಡುತ್ತೇವೆ, ಅಲ್ವಾ? ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಎತ್ತಿ ಲಾರಿಗೆ ಹಾಕುವುದು ಅರ್ಧ ದಿನದ ಕೆಲಸ, ತಯಾರಿಗೆ ಎರಡು ದಿನ ಬೇಕು. ಮೊದಲ ದಿನವಂತೂ ಶೆಡ್‌ನಲ್ಲಿ ಕರೆಂಟ್ ಇರಲೇಬೇಕು, ಹಾಗಾಗಿ ಮಾರುವವರು ಮೀಟರ್ ತೆಗೆಸುವ ಮುಂಚೆಯೇ ಹೋಗಿ.

ಮೊದಲು ಪ್ಯಾರಾಮೀಟರ್ ಬ್ಯಾಕಪ್, ಅಂದರೆ ಮಿಷನ್‌ನ ಸೆಟ್ಟಿಂಗ್ ಅಂಕಿಗಳ ಕಾಪಿ. ನಾನು ಹಿಂದೊಮ್ಮೆ ತಂದ ಮಿಷನ್ ತಿಂಗಳುಗಟ್ಟಲೆ ಆಫ್ ಆಗಿ ನಿಂತಿತ್ತು. ನಮ್ಮ ಶೆಡ್‌ನಲ್ಲಿ ಆನ್ ಮಾಡಿದರೆ ಪರದೆ ತುಂಬ ಅಲಾರಂ, ಬ್ಯಾಟರಿ ಸತ್ತು ಮೆಮೊರಿ ಪೂರ್ತಿ ಅಳಿಸಿಹೋಗಿತ್ತು. ಅದೇ ಮಾಡೆಲ್‌ನ ಬೇರೆ ಮಿಷನ್‌ನಿಂದ ಪ್ಯಾರಾಮೀಟರ್ ತಂದು ಹಾಕಿದೆವು, ಓಡಿತು. ಆದರೆ ಪಿಚ್ ಎರರ್ ಕಾಂಪೆನ್ಸೇಷನ್ ಅನ್ನುವ, ಸ್ಕ್ರೂನ ಸಣ್ಣ ತಪ್ಪು ಸರಿದೂಗಿಸುವ ಅಂಕಿಗಳು ಒಂದೊಂದು ಮಿಷನ್‌ಗೆ ಒಂದೊಂದು ಥರ. ಅದನ್ನು ಲೇಸರ್ ಇಟ್ಟು ಹೊಸದಾಗಿ ಅಳೆಯಬೇಕಾಯಿತು. ಒಂದು ಮೆಮೊರಿ ಕಾರ್ಡ್‌ನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಮೂರು ವಾರ ಹೋಯಿತು.

ಕಂಟ್ರೋಲ್ (ಮಿಷನ್ ನಡೆಸುವ ಕಂಪ್ಯೂಟರ್) ಫನುಕ್ ಕಂಪನಿಯದಾದರೆ ಪರದೆಯ ಪಕ್ಕದ ಸ್ಲಾಟ್‌ಗೆ ಕಾರ್ಡ್ ಹಾಕಿ, ಪರದೆಯ ಕೆಳಗೆ ಬಲತುದಿಯ ಎರಡು ಸಾಫ್ಟ್ ಕೀ ಒತ್ತಿ ಹಿಡಿದು ಪವರ್ ಆನ್ ಮಾಡಿದರೆ ಬೂಟ್ ಮೆನು ಬರುತ್ತದೆ, ಅಲ್ಲಿಂದ ಎಸ್‌ರ‍್ಯಾಮ್ (ಬ್ಯಾಟರಿ ಬಲದಲ್ಲಿ ಉಳಿಯುವ ಮೆಮೊರಿ) ಪೂರ್ತಿ ಕಾಪಿ ಆಗುತ್ತದೆ. ಪ್ಯಾರಾಮೀಟರ್, ಪಿಎಂಸಿ ಡೇಟಾ, ಲ್ಯಾಡರ್ (ಇವೆರಡೂ ಮಿಷನ್‌ನ ಸ್ವಿಚ್, ವಾಲ್ವ್ ನಡೆಸುವ ಲಾಜಿಕ್‌ಗೆ ಸೇರಿದವು), ಪ್ರೋಗ್ರಾಂಗಳನ್ನು ಬೇರೆಯಾಗಿಯೂ ತೆಗೆದಿಡಿ. ಎಲೆಕ್ಟ್ರಿಕಲ್ ಪ್ಯಾನೆಲ್ ಬಾಗಿಲ ಒಳಗಿನ ಜೇಬು ನೋಡಿ, ಎಷ್ಟೋ ಸಲ ಕಂಪನಿಯ ಪ್ಯಾರಾಮೀಟರ್ ಹಾಳೆ ಅಲ್ಲೇ ಇರುತ್ತದೆ. ಆಮೇಲೆ ಬ್ಯಾಟರಿ. ಕಂಟ್ರೋಲ್‌ನದು 3 ವೋಲ್ಟ್, ಮಿಷನ್‌ನ ಚಲಿಸುವ ಭಾಗಗಳು ಎಲ್ಲಿವೆ ಅಂತ ತಿಳಿಸುವ ಎನ್‌ಕೋಡರ್‌ಗಳದು 6 ವೋಲ್ಟ್. ಎರಡನ್ನೂ ಪವರ್ ಆನ್ ಇಟ್ಟುಕೊಂಡೇ ಬದಲಿಸಿ.

ಇನ್ನು ಕರೆಂಟ್ ಇರುವಾಗಲೇ ಮ್ಯಾಗಜಿನ್‌ನ ಟೂಲ್‌ಗಳನ್ನೆಲ್ಲ ಇಳಿಸಿ, ವೈಸ್ ಬಿಚ್ಚಿ, ಟೇಬಲ್ಲನ್ನು ನಡುವಿಗೆ ತನ್ನಿ. ಸ್ಪಿಂಡಲ್ (ಟೂಲ್ ಹಿಡಿದು ತಿರುಗಿಸುವ ಭಾಗ) ಇರುವ ಹೆಡ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟು, ಹ್ಯಾಂಡ್‌ವೀಲ್‌ನಲ್ಲಿ ನಿಧಾನವಾಗಿ ಇಳಿಸಿ. ತಾಗಿದರೆ ಸಾಕು, ಒತ್ತಬೇಡಿ. ಸಾಧ್ಯವಾದರೆ ದಿಮ್ಮಿ ಹೆಡ್‌ನ ಎರಕದ ಭಾಗಕ್ಕೆ ತಾಗಲಿ, ಸ್ಪಿಂಡಲ್ ಮೂತಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ದಾರಿಯಲ್ಲಿ ಬೀಳುವ ಏಟು ಸುಮ್ನೆ ಬೇರಿಂಗ್ ಮೇಲೆ ಯಾಕೆ? ಮಿಷನ್ ಹೊಸದಾಗಿ ಬಂದಾಗ ಮೂರೂ ಆಕ್ಸಿಸ್‌ಗೆ (ಚಲನೆಯ ದಿಕ್ಕಿಗೆ) ಸಾಗಾಟದ ಲಾಕ್ ಬ್ರಾಕೆಟ್ ಬಂದಿರುತ್ತವೆ, ಸಾಮಾನ್ಯವಾಗಿ ಕೆಂಪು ಅಥವಾ ಹಳದಿ ಬಣ್ಣದವು. ಮಾರುವವರನ್ನು ಕೇಳಿ, ಶೆಡ್‌ನ ಮೂಲೆ ಹುಡುಕಿ. ಸಿಗದಿದ್ದರೆ ಫ್ಯಾಬ್ರಿಕೇಶನ್‌ನವರ ಹತ್ತಿರ ಮಾಡಿಸಿ. ಕಾಲಂ ಹಿಂದೆ ಚೈನ್‌ನಲ್ಲಿ ನೇತಾಡುವ, ಹೆಡ್‌ನ ಭಾರ ಸರಿದೂಗಿಸುವ ಕೌಂಟರ್‌ವೇಟ್ ಇದ್ದರೆ ಅದನ್ನೂ ಲಾಕ್ ಮಾಡಲೇಬೇಕು.

ಕೂಲೆಂಟ್, ಹೈಡ್ರಾಲಿಕ್ ಆಯಿಲ್ ಪೂರ್ತಿ ಖಾಲಿ ಮಾಡಿ. ಇದನ್ನು ಮೋರಿಗೆ ಸುರಿಯುವವರನ್ನು ಕಂಡರೆ ನನಗೆ ತುಂಬ ಬೇಜಾರು. ಹಳೆ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಕ್ಯಾನ್‌ಗೆ ತುಂಬಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಿ. ಟೇಬಲ್, ಗೈಡ್‌ವೇ (ಭಾಗಗಳು ಜಾರುವ ಹಳಿ), ಸ್ಪಿಂಡಲ್ ಟೇಪರ್ (ಟೂಲ್ ಕೂರುವ ರಂಧ್ರ) ಒರೆಸಿ ತುಕ್ಕು ತಡೆಯುವ ಎಣ್ಣೆ ಹಚ್ಚಿ. ಕೂಲೆಂಟ್ ಟ್ಯಾಂಕ್, ಚಿಪ್ ಕನ್ವೇಯರ್ ಬೇರೆಯಾಗಿ ಹೋಗಲಿ. ಬಾಗಿಲು, ಪರದೆಯ ತೋಳು ಅಲ್ಲಾಡದ ಹಾಗೆ ಕಟ್ಟಿ.

ಕರೆಂಟ್ ತೆಗೆಯುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ಮೇನ್ ಆಫ್ ಆದ ಮೇಲೂ ಮೋಟರ್ ನಡೆಸುವ ಡ್ರೈವ್‌ಗಳ ಚಾರ್ಜ್ ಲೈಟ್ ಆರುವವರೆಗೆ ಯಾರೂ ಒಳಗೆ ಕೈ ಹಾಕಬಾರದು. ಬಿಚ್ಚುವ ಪ್ರತಿ ವೈರಿನ ಎರಡೂ ತುದಿಗೆ ಒಂದೇ ನಂಬರ್ ಕಟ್ಟಿ, ಬಿಚ್ಚುವ ಮುಂಚೆ ಫೋಟೊ ತೆಗೆಯಿರಿ.

ಈಗ ಹೈಡ್ರಾ ಕರೆಸಿ. ತೂಕವನ್ನು ನೇಮ್ ಪ್ಲೇಟ್ ಅಥವಾ ಮ್ಯಾನುವಲ್ ನೋಡಿ ಹೇಳಿ, ಕಣ್ಣಂದಾಜು ಬೇಡ. ಬೆಲ್ಟ್ ಬೀಳಬೇಕಾದದ್ದು ಕಂಪನಿ ಕೊಟ್ಟ ಲಿಫ್ಟಿಂಗ್ ಜಾಗಕ್ಕೆ ಮಾತ್ರ. ಹೆಡ್‌ಗೆ, ಟೇಬಲ್‌ಗೆ, ಹೊರಗಿನ ಶೀಟಿಗೆ ಬೆಲ್ಟ್ ಹಾಕಲು ಬಿಡಬೇಡಿ, ಅವಸರದಲ್ಲಿ ಹುಡುಗರು ಹಾಕಿಬಿಡುತ್ತಾರೆ. ಶೆಡ್ ಒಳಗಿಂದ ಜಾಕ್ ಮತ್ತು ರೋಲರ್ ಮೇಲೆ ತಳ್ಳಿಕೊಂಡು ಬನ್ನಿ. ಇಂಥ ಮಿಷನ್‌ನ ಭಾರ ಮೇಲ್ಗಡೆ ಜಾಸ್ತಿ, ಹೈಡ್ರಾಗೆ ನೇತುಹಾಕಿಕೊಂಡು ದೂರ ನಡೆಸಿದರೆ ತೂಗಾಡುತ್ತದೆ. ಲಾರಿಯಲ್ಲಿ ಕೆಳಗೆ ರಬ್ಬರ್ ಮ್ಯಾಟ್, ನಾಲ್ಕು ಕಡೆ ರ‍್ಯಾಚೆಟ್ ಬೆಲ್ಟ್, ಮೇಲೆ ಟಾರ್ಪಾಲಿನ್.

ಲಾರಿ ಮೇಲೆ ಕೂತ ಮೇಲಿನ ಎತ್ತರವನ್ನು ಟೇಪ್ ಹಿಡಿದು ಅಳೆಯಿರಿ. ಪೀಣ್ಯದ ಅಡ್ಡರಸ್ತೆಗಳಲ್ಲಿ ಕೇಬಲ್‌ಗಳು ಎಷ್ಟು ಕೆಳಗೆ ನೇತಾಡುತ್ತವೆ ಅಂತ ಗೊತ್ತಲ್ಲ. ನಗರದೊಳಗೆ ಹಗಲು ಭಾರಿ ಲಾರಿಗಳಿಗೆ ನಿರ್ಬಂಧ ಇರುವುದರಿಂದ, ತುಮಕೂರು ರಸ್ತೆಯಿಂದ ನೈಸ್ ರಸ್ತೆ ಹಿಡಿದು ಹೊಸೂರು ರಸ್ತೆಗೆ ಇಳಿಯುವುದು ಒಳ್ಳೆಯದು. ಇನ್‌ವಾಯ್ಸ್, ಟ್ರಾನ್ಸಿಟ್ ಇನ್ಶೂರೆನ್ಸ್ ಜೊತೆಗಿರಲಿ. ಬೆಲೆ 50,000 ರೂಪಾಯಿ ದಾಟುವುದರಿಂದ ಇ-ವೇ ಬಿಲ್ಲೂ (ಸರಕು ಸಾಗಾಟದ ಜಿಎಸ್‌ಟಿ ದಾಖಲೆ) ಬೇಕು.

ಲಾರಿ ಹೊರಡುವ ಮುಂಚೆ ಇನ್ನೊಂದು ಕೆಲಸ. ಹಾಕಿದ ಲಾಕ್, ದಿಮ್ಮಿಗಳನ್ನೆಲ್ಲ ಎಣಿಸಿ, ‘ಒಳಗೆ ಇಷ್ಟು ಲಾಕ್ ಇವೆ, ತೆಗೆಯದೆ ಆನ್ ಮಾಡಬೇಡಿ’ ಅಂತ ದೊಡ್ಡದಾಗಿ ಬರೆದು ಕಂಟ್ರೋಲ್ ಪರದೆಗೆ ಅಂಟಿಸಿ. ನಿಮ್ಮ ಆಪರೇಟರ್ ಹಿಂದಿಯವರಾದರೆ ಹಿಂದಿಯಲ್ಲೂ ಬರೆಯಿರಿ.