ಎಂಬತ್ತು ಪುಟದ ಯೋಜನೆ ಕಪಾಟಿಗೆ, ಒಂದು ಹಾಳೆ ಗೋಡೆಗೆ

ಸಂಸ್ಥೆಯ ಮೂರು ವರ್ಷದ ಯೋಜನೆಯನ್ನು ಒಂದೇ ಹಾಳೆಯಲ್ಲಿ ಬರೆಯುತ್ತೇನೆ ಎಂದಾಗ ನಮ್ಮ ಟ್ರಸ್ಟಿಗಳೇ ನಕ್ಕಿದ್ದರು. ಈಗ ಮೂರನೇ ವರ್ಷ ನಡೆಯುತ್ತಿದೆ, ಕಾರ್ಯಕರ್ತೆಯರ ಗೌರವಧನ ಒಂದು ತಿಂಗಳೂ ತಪ್ಪಿಲ್ಲ. ನಕ್ಕವರಲ್ಲಿ ಒಬ್ಬರು ಮೊನ್ನೆ ತಮ್ಮ ಇನ್ನೊಂದು ಸಂಸ್ಥೆಗೂ ಅದೇ ಹಾಳೆ ಕೇಳಿದರು.

ನಮ್ಮದು ಕೊಪ್ಪಳ ಜಿಲ್ಲೆಯಲ್ಲಿ ಸಂಜೆ ಕಲಿಕಾ ಕೇಂದ್ರ ನಡೆಸುವ ಸಣ್ಣ ಟ್ರಸ್ಟ್. ಮೊದಲು ಸಲಹೆಗಾರರೊಬ್ಬರಿಂದ ಯೋಜನೆ ಮಾಡಿಸಿದ್ದೆವು. ರೆಸಾರ್ಟ್‌ನಲ್ಲಿ ಬಣ್ಣದ ಚೀಟಿಗಳನ್ನು ಅಂಟಿಸಿದ್ದಾಯಿತು. ದೂರದೃಷ್ಟಿ, ಧ್ಯೇಯ, ಲಾಗ್‌ಫ್ರೇಮ್ (ಗುರಿ, ಚಟುವಟಿಕೆ, ಅಳತೆಗೋಲುಗಳ ಕೋಷ್ಟಕ) ಎಲ್ಲ ಸೇರಿ ಎಂಬತ್ತು ಪುಟ, ಎರಡೂವರೆ ಲಕ್ಷದ ಆಸುಪಾಸು ಖರ್ಚು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಗೌರವಧನ ಎಲ್ಲಿಂದ ತರಬೇಕು ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ. ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯಡಿ ಕೊಡುವ ಸಿಎಸ್‌ಆರ್ ಹಣದ ಮೊದಲ ಕಂತು ನಮಗೆ ಸೆಪ್ಟೆಂಬರ್‌ಗೆ ಮುಂಚೆ ಬಂದದ್ದೇ ಅಪರೂಪ. ಒಂದು ವರ್ಷ ಖಜಾಂಚಿಯವರು ಮನೆಯ ಚಿನ್ನ ಅಡವಿಟ್ಟು ಜುಲೈ ದಾಟಿಸಿದರು.

ಹಾಗಾಗಿ ಧ್ಯೇಯವಾಕ್ಯ ಬಿಟ್ಟು ಪಾಸ್‌ಬುಕ್‌ನಿಂದ ಶುರು ಮಾಡಿದೆ. ಹಿಂದಿನ ವರ್ಷಗಳಲ್ಲಿ ಯಾವ ತಿಂಗಳು ಎಷ್ಟು ಬಂತು, ಎಷ್ಟು ಹೋಯಿತು ಎಂದು ಡ್ರಾಯಿಂಗ್ ಹಾಳೆಯ ಮೇಲೆ ಗೆರೆ ಎಳೆದೆ. ಅದರ ಕೆಳಗೆ ಊರಿನಲ್ಲಿ ಯಾವ ತಿಂಗಳು ಏನು ನಡೆಯುತ್ತದೆ ಎಂಬುದನ್ನು ಕಾರ್ಯಕರ್ತೆಯರೇ ಬರೆದರು. ಕುಷ್ಟಗಿ ಕಡೆಯವರೊಬ್ಬರು, 'ಸರ್, ಬೀಜದ ಹೊಲದಲ್ಲಿ ಕ್ರಾಸಿಂಗ್ (ಕೈಯಿಂದ ಪರಾಗಸ್ಪರ್ಶ ಮಾಡಿಸುವ ಕೆಲಸ) ಶುರುವಾದರೆ ದೊಡ್ಡ ಮಕ್ಕಳು ಕೇಂದ್ರಕ್ಕೆ ಬರುವುದಿಲ್ಲ. ನೀವು ಮೌಲ್ಯಮಾಪನ ಇಡುವುದು ಆಗಲೇ' ಎಂದರು. ಎಂಬತ್ತು ಪುಟದಲ್ಲಿ ಈ ಒಂದು ಮಾತು ಇರಲಿಲ್ಲ. ಮೌಲ್ಯಮಾಪನವನ್ನು ಜುಲೈಗೆ ಎಳೆದೆವು, ಹಾಜರಾತಿಯ ಲೆಕ್ಕ ಒಮ್ಮೆಲೇ ಸುಧಾರಿಸಿತು.

ಆಮೇಲೆ ಅದೇ ಹಾಳೆಯಲ್ಲಿ ಮೂರು ಕಾಲಂ: ಮಾಡುವುದು, ಬಿಡುವುದು, ಹಣ ಬಂದರೆ ಮಾಡುವುದು. ಜಗಳವೆಲ್ಲ ನಡುವಿನ ಕಾಲಮಿನಲ್ಲೇ. ಹೊಲಿಗೆ ತರಬೇತಿ ಬಿಟ್ಟೆವು, ಆರೋಗ್ಯ ಶಿಬಿರ ಬಿಟ್ಟೆವು, ಅರವತ್ತರಷ್ಟಿದ್ದ ಹಳ್ಳಿಗಳನ್ನು ಅರ್ಧಕ್ಕಿಂತ ಕಡಿಮೆಗೆ ಇಳಿಸಿದೆವು. ಒಬ್ಬ ದಾನಿ ಕೈಬಿಟ್ಟರು, ವರ್ಷಕ್ಕೆ ನಾಲ್ಕು ಲಕ್ಷದಷ್ಟು ಹೋಯಿತು. ಉಳಿದವರು ಹೋಗದಂತೆ ಬರೆದ ಪತ್ರದ ಒಕ್ಕಣೆಯನ್ನು ಮಾತ್ರ ಕೇಳಬೇಡಿ.

ಹಣದ ಹೊಂಡ ಮುಚ್ಚಿದ್ದು ಕಂಪನಿಗಳೊಂದಿಗಿನ ಒಪ್ಪಂದ. ಸಿಎಸ್‌ಆರ್ ನಿಯಮದಲ್ಲಿ 'ಚಾಲ್ತಿ ಯೋಜನೆ' ಎಂದು ಕಂಪನಿಯ ನಿರ್ದೇಶಕ ಮಂಡಳಿ ಒಪ್ಪಿದರೆ, ಆರಂಭದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಬಹುದು. ನಾವು ಅದನ್ನೇ ಕೇಳಿದೆವು. ಶೇಕಡಾ 5ರ ಆಡಳಿತ ವೆಚ್ಚದ ಮಿತಿಯನ್ನು ತೋರಿಸಿ ನಮ್ಮ ಅಕೌಂಟೆಂಟ್ ಸಂಬಳವನ್ನು ಕತ್ತರಿಸಲು ಬಂದವರಿದ್ದರು. ಆ ಮಿತಿ ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ, ನಮಗಲ್ಲ. 2021ರಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯ ಕೊಟ್ಟ ಸ್ಪಷ್ಟೀಕರಣದ ಪ್ರತಿಯನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಹೀಗೆ ನಮ್ಮ ಸ್ವಂತ ಹಣದಲ್ಲಿ ಉಳಿದದ್ದನ್ನೂ ಊರಿನ ಚಿಕ್ಕ ದಾನಗಳನ್ನೂ ಸೇರಿಸಿ ಐದು ತಿಂಗಳ ಗೌರವಧನದಷ್ಟು ಮೀಸಲು ಕಟ್ಟಿದೆವು, ಸುಮಾರು ಆರು ಲಕ್ಷ.

ನಡುವೆ ಇನ್ನೊಂದು ಪ್ರಯೋಗ. ಅಕ್ಟೋಬರ್ 2ರಿಂದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಅಭಿಯಾನ ಶುರುವಾಗುತ್ತದಲ್ಲ, ಗ್ರಾಮಸಭೆಯಲ್ಲಿ ತಾಯಂದಿರಿಂದಲೇ ಸಂಜೆ ಕೇಂದ್ರಕ್ಕೆ ಗ್ರಂಥಾಲಯದ ಕೋಣೆ ಕೇಳಿಸಿದೆವು. ಏಳೆಂಟು ಕಡೆ ಕೇಳಿ ಮೂರು ಕಡೆ ಸಿಕ್ಕಿತು. ಬಾಡಿಗೆ ಉಳಿಯಿತು, ಆದರೆ ಒಂದು ಕಡೆ ಬೀಗದ ಕೈ ಇನ್ನೂ ಗ್ರಂಥಪಾಲಕರ ಹತ್ತಿರವೇ ಇದೆ. ಅವರು ಊರಿಗೆ ಹೋದ ದಿನ ಮಕ್ಕಳು ಜಗಲಿಯ ಮೇಲೆ ಕೂರುತ್ತಾರೆ.