ಕಲ್ಲು ನೋಡಿ ಬಾ

ಎಂ.ಎ. ಮೊದಲ ವರ್ಷ ನಮ್ಮ ಸರ್ ಬಾದಾಮಿಗೆ ಕರೆದುಕೊಂಡು ಹೋದರು. ನಾವೆಲ್ಲ ಗುಹೆಗಳ ಕಡೆ ಹೊರಟರೆ ಅವರು ಸೀದಾ ಕಪ್ಪೆ ಅರಭಟ್ಟನ ಶಾಸನದ ಬಂಡೆಗೆ ನಡೆದರು. ನಾನು ಜಂಬದಿಂದ ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಅಂತ ಶುರು ಮಾಡಿದೆ.

"ಬಾಯಿಪಾಠ ಬ್ಯಾಡ ತಮ್ಮಾ. ಕಲ್ಲಿನ ಮ್ಯಾಲೆ ‘ಮಾ’ ಎಲ್ಲೈತಿ, ಬೊಟ್ಟಿಟ್ಟು ತೋರ್ಸು."

ತೋರಿಸಲು ಆಗಲಿಲ್ಲ. ಸುಮಾರು 1300 ವರ್ಷ ಹಿಂದಿನ ಅಕ್ಷರ, ನನಗೆ ಬರೀ ಗೀಟಿನಂತೆ ಕಾಣುತ್ತಿತ್ತು.

ಅಲ್ಲಿಂದ ಶಾಸನ ಓದೋದನ್ನು ಸರ್ ಕಲಿಸಿದ್ದು ಹೀಗೆ. ನಮ್ಮ ಕಡೆ ಹನುಮಪ್ಪನ ಗುಡಿ ಮುಂದೆ ನಿಂತಿರುವ ಕಲ್ಲುಗಳಲ್ಲಿ ಕಲ್ಯಾಣದ ಚಾಲುಕ್ಯರ ಕಾಲದವು ಜಾಸ್ತಿ. ಅವು ಸಾಮಾನ್ಯವಾಗಿ ‘ಸ್ವಸ್ತಿ ಸಮಸ್ತ ಭುವನಾಶ್ರಯ’ ಅಂತಲೇ ಶುರು. ರಾಜನ ಹೊಗಳಿಕೆ ಅಂತ ನಾವು ಹಾರಿಸಿ ಮುಂದೆ ಹೋಗುತ್ತೇವೆ, ಅಲ್ವಾ? ಸರ್ ಅಲ್ಲೇ ಕೂರಿಸುತ್ತಿದ್ದರು. ಮಾತು ಗೊತ್ತೇ ಇರುವುದರಿಂದ ಆ ಕೆತ್ತಿದವನ ಸ, ಮ, ಭ, ವ ಹೇಗಿವೆ ಅಂತ ತಿಳಿಯುತ್ತದೆ. ಅವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ಗೊತ್ತಿಲ್ಲದ ಸಾಲಿಗೆ ಕೈಹಾಕಬೇಕು. ಪ್ರತಿ ಕಲ್ಲಿಗೂ ಹೊಸ ಪಟ್ಟಿ. ಓದುವುದು ಬೆಳಗ್ಗೆ ಇಲ್ಲವೇ ಸಂಜೆ, ಬಿಸಿಲು ಓರೆಯಾಗಿ ಬಿದ್ದಾಗ. ನಡುಮಧ್ಯಾಹ್ನ ಅಕ್ಷರ ಮಾಯ. ರಾತ್ರಿಯಾದರೆ ಬ್ಯಾಟರಿಯನ್ನು ಪಕ್ಕದಿಂದ ಹಿಡಿಯಬೇಕು. ಸುಣ್ಣ, ಚಾಕ್‌ಪೀಸು ಕಲ್ಲಿಗೆ ತಾಗಿಸಿದರೆ ಅವತ್ತು ಬೈಗುಳದ ಊಟ.

ಒಮ್ಮೆ ಹುನಗುಂದದ ಕಡೆಯ ಹಳ್ಳಿಯೊಂದರಲ್ಲಿ ಕಲ್ಲಿಗೆ ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆದೆ. (ದೇವರಿಗೆ ಮಸಿ ಹಚ್ಚತಾನ ಅಂತ ಒಬ್ಬ ಅಜ್ಜಿ ಓಣಿಯನ್ನೆಲ್ಲ ಕೂಡಿಸಿದ್ದಳು. ಕೊನೆಗೆ ಚಹಾ ಕೊಟ್ಟವಳೂ ಅವಳೇ.) ಚಾಲುಕ್ಯ ವಿಕ್ರಮ ವರ್ಷ 37, ವ್ಯಯ ಸಂವತ್ಸರ ಅಂತ ಬರೆದು ಸರ್ ಮುಂದಿಟ್ಟೆ. ಅವರು ಕಾಗದ ವಾಪಸ್ ತಳ್ಳಿದರು.

"ಕಲ್ಲು ನೋಡಿ ಬಾ."

ತಪ್ಪು ಎಲ್ಲಿ ಅಂತ ಹೇಳಲಿಲ್ಲ. ಸಿಟ್ಟು ಬಂತು. ಹೋಗಲು ಎರಡು ಬಸ್ಸು ಬದಲಿಸಬೇಕಿತ್ತು. ದಾರಿಯಲ್ಲಿ ಬೆರಳು ಎಣಿಸುತ್ತಾ ಹೋದೆ. ಆರನೇ ವಿಕ್ರಮಾದಿತ್ಯ ಪಟ್ಟಕ್ಕೆ ಬಂದದ್ದು 1076ರಲ್ಲಿ, ನಳ ಸಂವತ್ಸರ. ಚಾಲುಕ್ಯ ವಿಕ್ರಮ ವರ್ಷ ಅಂದರೆ ಅವನ ಹೆಸರಿನ ಎಣಿಕೆ, ಅದೇ ಅದರ ಮೊದಲನೇ ವರ್ಷ. ಅಲ್ಲಿಂದ ಎಣಿಸಿದರೆ 37ಕ್ಕೆ ನಂದನ ಬರುತ್ತದೆ. ವ್ಯಯ ಬರುವುದು 31ಕ್ಕೆ, ಅಂದರೆ 1106ಕ್ಕೆ. ಕಲ್ಲಿನ ಹತ್ತಿರ ಕೂತು ನೋಡಿದರೆ ಅಂಕಿಯ ಬದಿ ಚಕ್ಕೆ ಎದ್ದಿತ್ತು. ಆ ಗಾಯವನ್ನೇ ನಾನು ಏಳು ಅಂತ ಓದಿದ್ದೆ.

ಪಿಎಚ್.ಡಿ. ಮುಗಿಯಿತು, ಬಾಗಲಕೋಟೆಯಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. ಅದೇ ಶಾಸನದ ಮೇಲೆ ಲೇಖನ ಬರೆದು, ನಿವೃತ್ತರಾಗಿದ್ದ ಸರ್‌ಗೆ ಕಳಿಸಿದೆ. ಮುನ್ನುಡಿಯಂತೆ ಅವರಿಗೆ ಒಂದು ಪುಟ ಕೃತಜ್ಞತೆ ಬರೆದಿದ್ದೆ. ಅದರ ಬಗ್ಗೆ ಒಂದು ಮಾತಿಲ್ಲ. ನಾನು ಱ (ಹಳಗನ್ನಡದ ಇನ್ನೊಂದು ರ) ಅಂತ ಓದಿದ್ದ ಕಡೆ ಅಂಚಿನಲ್ಲಿ ಕೆಂಪು ಮಸಿ: ‘ಸಾಲು 14. ಱ ಅಲ್ಲ, ರ. ಕಲ್ಲು ನೋಡಿ ಬಾ.’

ಭಾನುವಾರ ಹೋದೆ. ಸಂಜೆ ಬಿಸಿಲಿಗೆ ಕಾದು, ನೀರು ಚಿಮುಕಿಸಿ ಮೂರು ಸಲ ನೋಡಿದೆ. ಱ ಅಂತಲೇ ಇತ್ತು. ಅಲ್ಲಿಂದಲೇ ಫೋನ್ ಮಾಡಿ ಹೆದರುತ್ತಾ ಹೇಳಿದೆ.

"ನೋಡಿದಿ?"

"ನೋಡಿದೆ ಸರ್."

"ಹಂಗಾದ್ರ ನಂದ ತಪ್ಪು. ಹಂಗ ಇರ್ಲಿ ಬಿಡು."